ಕೆಂಪು ಶಿಲುಬೆ ಡಾಕ್ಟರ ಗುರುತಲ್ಲ

ಹಿರೇಗುತ್ತಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ತುಸು ಹೊತ್ತು ನಿಂತರೆ ಸಾಕು, ಬಿಳಿ ಹಿನ್ನೆಲೆಯ ಮೇಲೆ ಕೆಂಪು ಪ್ಲಸ್ ಅಂಟಿಸಿಕೊಂಡ ಕಾರೋ ಆಂಬುಲೆನ್ಸೋ ಕಣ್ಣಿಗೆ ಬೀಳುತ್ತದೆ. ಔಷಧಿ ಅಂಗಡಿಯ ಬೋರ್ಡಿನಲ್ಲೂ ಅದೇ, ಶಾಲೆಯ ಛದ್ಮವೇಷದ ಪುಟ್ಟ ಡಾಕ್ಟರ ಟೋಪಿಯ ಮೇಲೂ ಅದೇ.

ತಪ್ಪು ಕಲ್ಪನೆ: ಅದು ವೈದ್ಯರ ಚಿಹ್ನೆ.

ಸತ್ಯ: ಅದು ಹುಟ್ಟಿದ್ದು ಯುದ್ಧಭೂಮಿಗಾಗಿ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೋದಲ್ಲಿ ನಡೆದ ಕಾಳಗದ ಬಳಿಕ ಸಾವಿರಾರು ಗಾಯಾಳುಗಳು ಆರೈಕೆಯಿಲ್ಲದೆ ನರಳುತ್ತಿದ್ದುದನ್ನು ಜಿನೀವಾದ ವ್ಯಾಪಾರಿ ಹೆನ್ರಿ ಡ್ಯುನಾಂಟ್ ಕಂಡರು. ಆಗ ಸೇನಾ ವೈದ್ಯರಿಗೆ ಒಂದೊಂದು ದೇಶದಲ್ಲಿ ಒಂದೊಂದು ಬಣ್ಣದ ಬಾವುಟ. ಎದುರು ಪಾಳೆಯದವರಿಗೆ ಗುರುತೇ ಸಿಗುತ್ತಿರಲಿಲ್ಲ. ಡ್ಯುನಾಂಟರ ಪ್ರಯತ್ನದ ಫಲವಾಗಿ 1864ರ ಆಗಸ್ಟ್ 22ರಂದು 12 ದೇಶಗಳು ಜಿನೀವಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು: ಗಾಯಾಳು ಯಾವ ದೇಶದವನಾದರೂ ಚಿಕಿತ್ಸೆ ಕೊಡಬೇಕು, ಕೆಂಪು ಶಿಲುಬೆ ಧರಿಸಿದವರ ಮೇಲೆ ದಾಳಿ ಮಾಡಬಾರದು. ಸೇನಾ ವೈದ್ಯಕೀಯದಲ್ಲಿ ದೇಶದೇಶಗಳು ಕೈಜೋಡಿಸಿದ ಚರಿತ್ರೆಯ ದೊಡ್ಡ ತಿರುವು ಇದು.

ಕ್ರೈಸ್ತ ಧರ್ಮದ ಗುರುತು ಎನ್ನುವವರೂ ಇದ್ದಾರೆ. ಅಲ್ಲ, ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣಗಳನ್ನು ಅದಲುಬದಲು ಮಾಡಿದ್ದು ಅಷ್ಟೆ. ಶಿಲುಬೆಯ ಬದಲು ಕೆಲವು ದೇಶಗಳು ಬಳಸುತ್ತಿದ್ದ ಕೆಂಪು ಅರ್ಧಚಂದ್ರಕ್ಕೂ 1929ರಲ್ಲಿ ಅದೇ ಮಾನ್ಯತೆ ಸಿಕ್ಕಿತು.

ತಪ್ಪು ಕಲ್ಪನೆ: ಸೇನೆಯ ವೈದ್ಯರು ನೋಡಿಕೊಳ್ಳುವುದು ತಮ್ಮ ಸೈನಿಕರನ್ನು ಮಾತ್ರ.

ಸತ್ಯ: 1950ರಲ್ಲಿ ಕೊರಿಯಾ ಯುದ್ಧಕ್ಕೆ ಭಾರತ ಕಾದಾಡುವ ಪಡೆ ಕಳಿಸಲಿಲ್ಲ, ಕಳಿಸಿದ್ದು 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು. ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್. ಆ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಪ್ಯೊಂಗ್ಯಾಂಗ್ ಬಿಟ್ಟು ಹಿಂದೆ ಸರಿಯಬೇಕಾಯಿತು. ಲಾರಿಗಳಿಲ್ಲ, ಆದರೆ ಉಪಕರಣ ಬಿಟ್ಟುಹೋದರೆ ಆಸ್ಪತ್ರೆಯೇ ಇಲ್ಲ. ಯಾರೋ ಬಿಟ್ಟುಹೋಗಿದ್ದ ಉಗಿಬಂಡಿ ಹುಡುಕಿ, ಬಕೆಟ್ಟಿನಲ್ಲಿ ನೀರು ತುಂಬಿ, ಸಾಮಾನು ಸಮೇತ ತಾವೇ ಓಡಿಸಿಕೊಂಡು ದಕ್ಷಿಣಕ್ಕೆ ಬಂದರು! ಮುಂದೆ 1951ರ ಮಾರ್ಚಿನಲ್ಲಿ ಅಮೆರಿಕದ ಪ್ಯಾರಾಚೂಟ್ ಪಡೆಯ ಜೊತೆ ಈ ತುಕಡಿಯ ಶಸ್ತ್ರಚಿಕಿತ್ಸಾ ತಂಡವೂ ಮುನ್ಸಾನ್‌ನಲ್ಲಿ ಇಳಿಯಿತು. ತೇಗು ಪಟ್ಟಣದಲ್ಲಿ ಊರಿನ ಜನರಿಗೂ ಚಿಕಿತ್ಸೆ ಕೊಟ್ಟರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. 2023ರಲ್ಲಿ ತುರ್ಕಿಯ ಭೂಕಂಪಕ್ಕೆ ಓಡಿದ್ದೂ ಇದೇ 60ನೇ ತುಕಡಿ.

ಇಷ್ಟೆಲ್ಲ ನಡೆಯಲು ಆ ಕೆಂಪು ಗುರುತನ್ನು ದೂರದಿಂದ ಕಂಡೊಡನೆ ಬಂದೂಕು ಕೆಳಗಿಳಿಯಬೇಕು. ಎಲ್ಲರೂ ಎಲ್ಲೆಂದರಲ್ಲಿ ಅಂಟಿಸಿಕೊಂಡರೆ ಅದರ ತೂಕ ಹೋಗುತ್ತದೆ. ನಮ್ಮ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಸರಕಾರದ ಅನುಮತಿಯಿಲ್ಲದೆ ಅದನ್ನು ಬಳಸುವುದನ್ನು ನಿಷೇಧಿಸಿದೆ. 500 ರೂಪಾಯಿವರೆಗೆ ದಂಡವೂ ಇದೆ. ದಂಡ ಚಿಕ್ಕದಿರಬಹುದು, ವಿಷಯ ಚಿಕ್ಕದಲ್ಲ. ನಿಮ್ಮ ಕ್ಲಿನಿಕ್ಕಿನ ಬೋರ್ಡಿನಲ್ಲೋ ಕಾರಿನ ಗಾಜಿನ ಮೇಲೋ ಆ ಗುರುತಿದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ.