ದತ್ತಾಂಶ ರಚನೆ ಕಲಿಯಲು ಯಾವ ಪುಸ್ತಕ?

ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ಕ್ರಮವೇ ದತ್ತಾಂಶ ರಚನೆ. ಅದರಿಂದ ಬೇಕಾದುದನ್ನು ಪಡೆಯುವ ಹಂತಹಂತದ ವಿಧಾನವೇ ಅಲ್ಗಾರಿದಮ್. ಬಾದಾಮಿ, ಹುನಗುಂದ ಅಥವಾ ಇಳಕಲ್‌ನ ವಿದ್ಯಾರ್ಥಿಯೊಬ್ಬ ಇವನ್ನು ಸ್ವಂತವಾಗಿ ಕಲಿಯಹೊರಟರೆ ಮೊದಲು ಕೈಗೆ ಸಿಗುವುದು ಪ್ರಶ್ನೋತ್ತರಗಳ ಗೈಡು. ಅದರಿಂದ ಪರೀಕ್ಷೆ ಪಾಸಾಗಬಹುದು. ಹೊಸ ಸಮಸ್ಯೆಗೆ ಪ್ರೋಗ್ರಾಮ್ ಬರೆಯಲು ಬಾರದು. ಇರುವ ಹಣ ಒಂದೇ ಪುಸ್ತಕಕ್ಕೆ ಸಾಲುವಂತಿದ್ದರೆ ಆಯ್ಕೆ ಹೇಗೆ?

ಕೊಳ್ಳುವ ಮುನ್ನ ಪುಸ್ತಕವನ್ನು ಪರೀಕ್ಷಿಸಿ. ಬಾಗಲಕೋಟೆಯಲ್ಲಿ 1963ರಲ್ಲಿ ಆರಂಭವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಓದುವ ಪರಿಚಿತರಿದ್ದರೆ ಅವರ ಬಳಿಯಿರುವ ಪುಸ್ತಕಗಳನ್ನು ತಿರುವಿ ನೋಡಿ.

ಮೊದಲ ಪರೀಕ್ಷೆ ಬೈನರಿ ಸರ್ಚ್. ಇಳಕಲ್‌ನ ಸೀರೆ ಅಂಗಡಿಯೊಂದರ ಖಾತೆಯಲ್ಲಿ 1,000 ಹೆಸರುಗಳು ಅಕಾರಾದಿಯಾಗಿವೆ ಎನ್ನೋಣ. ಒಂದೊಂದಾಗಿ ನೋಡಿದರೆ 1,000 ಹೋಲಿಕೆಗಳೂ ಬೇಕಾಗಬಹುದು. ಪ್ರತಿ ಸಲ ನಡುವಿನ ಹೆಸರನ್ನು ನೋಡಿ ಅರ್ಧ ಪಟ್ಟಿಯನ್ನು ಕೈಬಿಟ್ಟರೆ 10 ಹೋಲಿಕೆ ಸಾಕು, ಏಕೆಂದರೆ 2ರ 10ನೇ ಘಾತ 1,024. ಪುಸ್ತಕ ಈ 'ಏಕೆ'ಯನ್ನು ವಿವರಿಸುತ್ತದೆಯೇ? ಪಟ್ಟಿ ಖಾಲಿಯಿದ್ದರೆ, ಹುಡುಕುವ ಹೆಸರೇ ಇಲ್ಲದಿದ್ದರೆ ಏನಾಗುತ್ತದೆಂದು ಹೇಳುತ್ತದೆಯೇ?

ಇದು ಸಣ್ಣ ಮಾತಲ್ಲ. ನಡುವಿನ ಸ್ಥಾನಕ್ಕೆ (ಮೊದಲು + ಕೊನೆ) ÷ 2 ಎಂಬ ಸೂತ್ರ ಅನೇಕ ಪುಸ್ತಕಗಳಲ್ಲಿದೆ. ಪಟ್ಟಿ ಬಹಳ ದೊಡ್ಡದಾದಾಗ ಈ ಮೊತ್ತವು 32 ಬಿಟ್‌ನ ಮಿತಿಯಾದ 2,14,74,83,647ನ್ನು ಮೀರಿ ಋಣ ಸಂಖ್ಯೆಯಾಗಿಬಿಡುತ್ತದೆ. ಜಾವಾ ಭಾಷೆಯ ಸಿದ್ಧ ಪ್ರೋಗ್ರಾಮಿನಲ್ಲೂ ಈ ದೋಷವಿತ್ತೆಂದು ಜೋಶುವಾ ಬ್ಲಾಕ್ 2006ರಲ್ಲಿ ಪ್ರಕಟಿಸಿದರು. ಮೊದಲು + (ಕೊನೆ − ಮೊದಲು) ÷ 2 ಎಂದು ಬರೆದರೆ ದೋಷವಿಲ್ಲ. ಹಳೆಯ ಸೂತ್ರವಿದೆಯೆಂದು ಒಳ್ಳೆಯ ಪುಸ್ತಕವನ್ನು ತಳ್ಳಿಹಾಕಬೇಕಿಲ್ಲ. ಅಚ್ಚಾದುದನ್ನೂ ಪರೀಕ್ಷಿಸಬೇಕೆಂಬುದೇ ಇಲ್ಲಿನ ಪಾಠ.

ಎರಡನೆಯ ಪರೀಕ್ಷೆ ಗ್ರಾಫ್. ಬಾದಾಮಿ–ಬಾಗಲಕೋಟೆ, ಬಾಗಲಕೋಟೆ–ಹುನಗುಂದ, ಹುನಗುಂದ–ಇಳಕಲ್ ಎಂಬ ಮೂರು ರಸ್ತೆಗಳನ್ನು ಕೋಷ್ಟಕದಲ್ಲಿಟ್ಟರೆ 4 × 4 = 16 ಮನೆಗಳು ಬೇಕು. ಪ್ರತಿ ಊರಿಗೂ ನೆರೆಯೂರುಗಳ ಪಟ್ಟಿ ಮಾಡಿದರೆ 6 ನಮೂದುಗಳು ಸಾಕು. ಯಾವುದು ಯಾವಾಗ ಮೇಲೆಂದು ಹೇಳುವ ಪುಸ್ತಕವನ್ನು ಆರಿಸಿ.

ಸಿ ಭಾಷೆ ಬಾರದಿದ್ದರೆ ಮೊದಲು ಕರ್ನಿಗನ್ ಮತ್ತು ರಿಚಿ ಅವರ ಪುಸ್ತಕದ ಎರಡನೇ ಆವೃತ್ತಿ (1988) ಓದಿ. ಬಳಿಕ ಹೊರೊವಿಟ್ಜ್ ಮತ್ತು ಸಾಹ್ನಿ ಅವರ ದತ್ತಾಂಶ ರಚನೆಯ ಪುಸ್ತಕ ಹೊಂದುತ್ತದೆ. ಕಾರ್ಮೆನ್ ಮತ್ತು ಸಂಗಡಿಗರ ಗ್ರಂಥ (ನಾಲ್ಕನೇ ಆವೃತ್ತಿ, 2022) 1,300 ಪುಟ ಮೀರುತ್ತದೆ, ಗಣಿತದ ಸಿದ್ಧತೆಯನ್ನೂ ಬೇಡುತ್ತದೆ. ಅದನ್ನು ಮೊದಲ ಪುಸ್ತಕವಾಗಿಸಬೇಡಿ. ಇಂಗ್ಲಿಷ್ ಕಷ್ಟವೆನಿಸಿದರೆ ಎನ್‌ಪಿಟಿಇಎಲ್‌ನ ಉಚಿತ ಪಾಠಗಳನ್ನು ಜೊತೆಗಿಟ್ಟುಕೊಳ್ಳಿ.

ಶಿಕ್ಷಕರು ತರಗತಿಯಲ್ಲಿ ಎರಡು ಪುಸ್ತಕಗಳ ಒಂದೇ ಅಧ್ಯಾಯವನ್ನು ಹೋಲಿಸಿ ತೋರಿಸಬಹುದು. ವಿದ್ಯಾರ್ಥಿಗಳು ಓದಿದ ಪ್ರತಿ ಅಲ್ಗಾರಿದಮನ್ನು ಪುಸ್ತಕ ಮುಚ್ಚಿ, ಕಾಗದದ ಮೇಲೆ ಐದಾರು ಸಂಖ್ಯೆಗಳಿಗೆ ನಡೆಸಿ ನೋಡಬೇಕು. ಹಾಗೆ ಮಾಡಲು ನೆರವಾಗುವ ಪುಸ್ತಕವೇ ನಿಮಗೆ ತಕ್ಕ ಪುಸ್ತಕ.