ಮಗುವಿನ ಕರೆಗೆ ಓಗೊಡಿ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ತಂದೆ ತಾಯಂದಿರೆಲ್ಲರೂ ಬಲ್ಲರು. ಮಗುವನ್ನು ಗದರಿಸುವಾಗ, ಕೈ ಎತ್ತುವಾಗ ಈ ಗಾದೆಯೇ ಅವರ ಬೆಂಬಲಕ್ಕೆ ಬರುತ್ತದೆ. ಆದರೆ ಗಿಡ ನೆಟ್ಟ ರೈತನನ್ನು ಕೇಳಿ ನೋಡಿ. ಅವನು ಗಿಡವನ್ನು ಬಗ್ಗಿಸಲು ಹೋಗುವುದಿಲ್ಲ. ಮೊದಲು ಬುಡದ ಮಣ್ಣು ನೋಡುತ್ತಾನೆ. ಎಲೆ ಬಾಡಿದರೆ ನೀರು ಸಾಲದೋ, ಬೇರಿಗೆ ಹುಳು ಬಿದ್ದಿದೆಯೋ ಎಂದು ಪರೀಕ್ಷಿಸುತ್ತಾನೆ. ಗಾಳಿಗೆ ವಾಲಿದರೆ ಕೋಲು ನಿಲ್ಲಿಸಿ ಆಸರೆ ಕೊಡುತ್ತಾನೆ. ಬಾಡಿದ ಗಿಡವನ್ನು ಬೈಯುವ ರೈತನಿಲ್ಲ. ಬಾಡಿದ ಮಗುವನ್ನು ಬೈಯುವ ಹಿರಿಯರು ಮಾತ್ರ ಮನೆ ಮನೆಯಲ್ಲಿಯೂ ಇದ್ದಾರೆ.

ಒಂದು ದೃಷ್ಟಾಂತವನ್ನು ನೋಡೋಣ. ಒಂದು ಊರಿನ ಮಠಕ್ಕೆ ತಾಯಿಯೊಬ್ಬಳು ಎರಡೂವರೆ ವರ್ಷದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. "ಅಜ್ಜಾರ, ಇವ ಭಾಳ ಹಟಮಾರಿ ಅದಾನ್ರಿ. ಎಷ್ಟು ಕರೆದ್ರೂ ತಿರುಗಿ ನೋಡಂಗಿಲ್ಲ. ಇನ್ನೂ ಅವ್ವಾ ಅಂದಿಲ್ರಿ. ಅವರಪ್ಪ ಸಿಟ್ಟಿಗೆದ್ದು ಹೊಡೀತಾರ. ಒಂದು ತಾಯತ ಕಟ್ರಿ" ಎಂದು ಕಣ್ಣೀರು ಹಾಕಿದಳು. ಅಷ್ಟರಲ್ಲಿ ಪೂಜೆಯ ವೇಳೆಯಾಗಿ ಜಾಗಟೆ ಮೊಳಗಿತು. ಅಂಗಳದಲ್ಲಿದ್ದ ಮಕ್ಕಳೆಲ್ಲ ಅತ್ತ ಓಡಿದರು. ಈ ಮಗು ಮಾತ್ರ ನೆಲದ ಮೇಲಿನ ಇರುವೆಯ ಸಾಲನ್ನು ನೋಡುತ್ತ ಕುಳಿತೇ ಇತ್ತು. ಸ್ವಾಮಿಗಳು ಅದನ್ನು ಗಮನಿಸಿದರು. "ತಂಗೀ, ನಿನ್ನ ಮಗ ಹಟಮಾರಿ ಅಲ್ಲವ್ವ. ಅವನಿಗೆ ಕೇಳಿಸ್ತಿಲ್ಲ ಅಂತ ಕಾಣಿಸ್ತದ. ತಾಯತ ಬ್ಯಾಡ, ನಾಳೆನೇ ದವಾಖಾನಿಗೆ ಕರಕೊಂಡು ಹೋಗು" ಎಂದರು. ಪರೀಕ್ಷೆ ಮಾಡಿದ ವೈದ್ಯರೂ ಅದನ್ನೇ ಹೇಳಿದರು. ಕೇಳಿಸದ ಕಿವಿಗೆ ಆ ಮಗು ಎರಡು ವರ್ಷ ಏಟು ತಿಂದಿತ್ತು.

ಈ ದೃಷ್ಟಾಂತದ ತಿರುಳು ಇಷ್ಟೇ. ಮಗುವಿಗೆ ಕಲಿಸುವುದಕ್ಕೆ ಮೊದಲು ಮಗುವನ್ನು ನೋಡಬೇಕು. ತಾನು ಕರೆದರೆ ಮಗು ಓಗೊಡಲಿ ಎಂದು ಬಯಸುವ ತಂದೆ ತಾಯಿ, ಮಗು ತಮ್ಮನ್ನು ಕರೆದಾಗ ಓಗೊಡುತ್ತಿದ್ದೇವೆಯೇ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು.

ಮಗುವಿನ ಮೊದಲ ವರ್ಷಗಳು ಮರಳಿ ಬರುವಂಥವಲ್ಲ. 5 ವರ್ಷ ತುಂಬುವ ಹೊತ್ತಿಗೆ ಮಿದುಳು ದೊಡ್ಡವರ ಮಿದುಳಿನ ಗಾತ್ರದ ಸುಮಾರು ಶೇಕಡ 90ರಷ್ಟು ಬೆಳೆದಿರುತ್ತದೆ. ಅಂದರೆ ಮಗು ಒಂದನೇ ಇಯತ್ತೆಯ ಹೊಸ್ತಿಲು ದಾಟುವ ಮೊದಲೇ ಬಹುಪಾಲು ಅಡಿಪಾಯ ಮನೆಯಲ್ಲಿಯೇ ಬಿದ್ದಿರುತ್ತದೆ. ಸಾಮಾನ್ಯವಾಗಿ ಮಗು ವರ್ಷ ತುಂಬುವ ಸುಮಾರಿಗೆ ಒಂದೆರಡು ಮಾತು ಆಡುತ್ತದೆ. ಎರಡು ವರ್ಷಕ್ಕೆ "ಅವ್ವ ಬಾ", "ಹಾಲು ಕೊಡು" ಎಂದು ಎರಡು ಪದ ಕೂಡಿಸುತ್ತದೆ. ಕೆಲವು ಮಕ್ಕಳು ಸ್ವಲ್ಪ ಮುಂಚೆ, ಕೆಲವು ಸ್ವಲ್ಪ ತಡ. ಆದರೆ ಸದ್ದಿಗೆ ತಿರುಗದಿದ್ದರೆ, ಕರೆದರೆ ನೋಡದಿದ್ದರೆ, ಎರಡು ವರ್ಷವಾದರೂ ಮಾತು ಬಾರದಿದ್ದರೆ, ಆಡುತ್ತಿದ್ದ ಮಾತೇ ನಿಂತುಹೋದರೆ "ಇವರಪ್ಪನೂ ತಡವಾಗಿಯೇ ಮಾತಾಡಿದ್ದ" ಎಂದು ಕೈಕಟ್ಟಿ ಕೂಡಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಸಲ ವೈದ್ಯರ ತಂಡ ಪರೀಕ್ಷಿಸಬೇಕು. ಆ ದಿನ ಮಗುವನ್ನು ತಪ್ಪದೆ ಕಳುಹಿಸಿರಿ, ಸಾಧ್ಯವಾದರೆ ಜೊತೆಯಲ್ಲಿಯೇ ಹೋಗಿರಿ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲಿಯೇ ಇದೆ. ಕಿವಿಯ ದೋಷ ಎಷ್ಟು ಬೇಗ ತಿಳಿಯುತ್ತದೆಯೋ ಮಾತು ಬರುವ ದಾರಿ ಅಷ್ಟು ಸುಗಮವಾಗುತ್ತದೆ.

ಇನ್ನು ಕಲಿಕೆಯ ಮಾತು. ಬಡವರ ಮನೆಯಲ್ಲಿ ಆಟಿಕೆಗಳಿಲ್ಲ, ಪುಸ್ತಕಗಳಿಲ್ಲ, ನಾವೇನು ಕಲಿಸಬಲ್ಲೆವು ಎಂದು ಅನೇಕರು ಕೊರಗುತ್ತಾರೆ. ಕೊರಗಬೇಕಾಗಿಲ್ಲ. ಅಡುಗೆಮನೆಯೇ ಒಂದು ಪಾಠಶಾಲೆ. ರೊಟ್ಟಿ ಬಡಿಯುವಾಗ ಮಗುವಿಗೂ ಒಂದು ಹಿಟ್ಟಿನ ಉಂಡೆ ಕೊಡಿರಿ. ಅದನ್ನು ನಾದಿ, ತಟ್ಟಿ, ಉರುಳಿಸಿದ ಬೆರಳುಗಳಿಗೇ ಮುಂದೆ ಬಳಪ ಹಿಡಿಯುವ ಶಕ್ತಿ ಬರುವುದು. ಬುಟ್ಟಿಯಲ್ಲಿ ರೊಟ್ಟಿ ಎಷ್ಟಾದವು ಎಂದು ಎಣಿಸಲು ಹೇಳಿರಿ, ಅದು ಗಣಿತ. ಕಡಲೆ, ಹೆಸರು, ಅಲಸಂದೆ ಕಾಳುಗಳನ್ನು ಬೇರೆ ಬೇರೆ ಮಾಡಿಸಿರಿ, ಅದು ವಿಂಗಡಣೆಯ ಪಾಠ. ಇಷ್ಟು ಚಿಕ್ಕ ಕಾಳನ್ನು ಮಕ್ಕಳು ಬಾಯಿಗೋ ಮೂಗಿಗೋ ಹಾಕಿಕೊಳ್ಳುವುದುಂಟು. ಆದ್ದರಿಂದ ಮೂರು ವರ್ಷ ದಾಟಿದ ಮಗುವಿಗೆ, ಕಣ್ಣೆದುರಿಗೇ ಕೂಡಿಸಿಕೊಂಡು ಕೊಡಿರಿ. ಅಜ್ಜಿ ಹೇಳುವ ಕಥೆ, ಒಡಪು, ಚೌಕಾಬಾರದ ಕವಡೆ, ಕುಂಟೆಬಿಲ್ಲೆಯ ಮನೆ, ಇವೆಲ್ಲ ಹಣ ಕೊಡದೆ ಸಿಗುವ ಪಠ್ಯಗಳು. ಮನೆಯಲ್ಲಿ ಆಡುವ ಭಾಷೆ ಕನ್ನಡವಿರಲಿ, ಉರ್ದುವಿರಲಿ, ಲಂಬಾಣಿಯಿರಲಿ, ಆ ಭಾಷೆಯಲ್ಲಿಯೇ ಧಾರಾಳವಾಗಿ ಮಾತನಾಡಿರಿ. ಬಾರದ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿಸುವುದಕ್ಕಿಂತ ಬಂದ ಭಾಷೆಯಲ್ಲಿ ನಾಲ್ಕು ನೂರು ಮಾತು ಆಡುವುದು ಮಗುವಿಗೆ ಹಿತ.

ಮಗು ದಿನಕ್ಕೆ ನೂರು ಪ್ರಶ್ನೆ ಕೇಳುತ್ತದೆ. ಚಂದ್ರ ಯಾಕೆ ನಮ್ಮ ಹಿಂದೆ ಬರುತ್ತಾನೆ? ಹಸು ಯಾಕೆ ಮೆಲುಕು ಹಾಕುತ್ತದೆ? ಉತ್ತರ ಗೊತ್ತಿದ್ದರೆ ಹೇಳಿರಿ. ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ಕೂಡಿ ನೋಡೋಣ" ಎನ್ನಿರಿ. "ಬಾಯಿ ಮುಚ್ಚು" ಎಂಬ ಉತ್ತರ ಮಾತ್ರ ಬೇಡ. ಇಂದು ಬಾಯಿ ಮುಚ್ಚಿಸಿಕೊಂಡ ಮಗು ನಾಳೆ ಶಾಲೆಯಲ್ಲಿ ಗುರುಗಳ ಮುಂದೆಯೂ ಬಾಯಿ ತೆರೆಯುವುದಿಲ್ಲ.

ಕೆಲವರದು ಇನ್ನೊಂದು ಅವಸರ. ಮೂರು ವರ್ಷದ ಮಗುವಿನ ಕೈಹಿಡಿದು ನೂರರವರೆಗೆ ಬರೆಯಿಸುತ್ತಾರೆ, ನೆರೆಮನೆಯ ಮಗುವಿನೊಂದಿಗೆ ತೂಗಿ ನೋಡುತ್ತಾರೆ. ಇನ್ನೂ ಬಲಿಯದ ಬೆರಳು ನೋಯುತ್ತದೆ, ಅಕ್ಷರವೆಂದರೆ ಭಯ ಹುಟ್ಟುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದ ವರೆಗಿನ ಕಲಿಕೆ ಆಟಪಾಟಗಳ ಮೂಲಕವೇ ನಡೆಯಬೇಕೆಂದು ಹೇಳಿದೆ. ಹಣ್ಣು ಗಿಡದಲ್ಲಿ ಮಾಗಬೇಕು, ಹಿಸುಕಿ ಮಾಗಿಸಲಾಗದು.

ಮತ್ತೊಂದು ಕಡೆ, ಮಗು ಅತ್ತರೆ ಮೊಬೈಲ್, ಉಣ್ಣದಿದ್ದರೆ ಮೊಬೈಲ್. 2 ವರ್ಷದೊಳಗಿನ ಮಗುವಿಗೆ ಪರದೆ ಬೇಡ, 2ರಿಂದ 4 ವರ್ಷದ ಮಗುವಿಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆಂದೂ ಅದು ತಿಳಿಸಿತು. ಮೊಬೈಲ್ ಮಾತನಾಡುತ್ತದೆ, ನಿಜ. ಆದರೆ ಮಗುವಿನ ತೊದಲು ಕೇಳಿ ನಕ್ಕು, ಅದಕ್ಕೊಂದು ಮರುಮಾತು ಕೊಡಲು ಅದಕ್ಕೆ ಬಾರದು. ಮಾತು ಬೆಳೆಯುವುದು ಮರುಮಾತಿನಿಂದ. ಮಗುವಿಗೆ ಮೊಬೈಲ್ ಬೇಡವೆನ್ನುವ ಹಿರಿಯರು ಊಟದ ಹೊತ್ತಿನಲ್ಲಾದರೂ ತಮ್ಮದನ್ನು ಬದಿಗಿಡಬೇಕು. ಮಗು ಕಿವಿಯಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಕಲಿಯುತ್ತದೆ.

ಇದೆಲ್ಲ ತಾಯಿಯ ಕೆಲಸವೆಂದು ತಂದೆಯಾದವನು ಜಾರಿಕೊಳ್ಳುವಂತಿಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿ ವೃತ್ತಿಯನ್ನು ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಪುಟ್ಟ ಮಕ್ಕಳಿಗಾಗಿ ಬಾಲಮಂದಿರ ತೆರೆದರು. ಹೊಡೆತವಿಲ್ಲದ, ಕಥೆ ಮತ್ತು ಆಟದ ಶಾಲೆ ಅದು. ಜನರು ಅವರನ್ನು ಪ್ರೀತಿಯಿಂದ "ಮೀಸೆಯುಳ್ಳ ತಾಯಿ" ಎಂದು ಕರೆದರು. ಗಂಡಸಿಗೆ ಇದಕ್ಕಿಂತ ದೊಡ್ಡ ಬಿರುದು ಇನ್ನಾವುದಿದ್ದೀತು! ಶಾಲೆಯಲ್ಲಿ ಮಕ್ಕಳನ್ನು ಹೊಡೆಯಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮನೆಯೆಂಬ ಶಾಲೆಗೆ ಆ ನಿಯಮವನ್ನು ತಂದೆ ತಾಯಿಯೇ ಹಾಕಿಕೊಳ್ಳಬೇಕು.

ಆ ತಾಯಿಯ ಮಗನ ಕಿವಿಗೆ ಶ್ರವಣ ಸಾಧನ ಬಂದಿತು. ತಂದೆ ತಾಯಿ ಇಬ್ಬರೂ ಎದುರು ಕುಳಿತು, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ದಿನಾಲು ನೂರು ಸಲ ಆಡಿದರು. ತಿಂಗಳುಗಳು ಕಳೆದವು. ಒಂದು ಸಂಜೆ ಅವಳು ಒಲೆಯ ಮುಂದಿದ್ದಾಗ ಹಿಂದಿನಿಂದ "ಅವ್ವಾ" ಎಂಬ ಕರೆ ಕೇಳಿಸಿತು. ರೊಟ್ಟಿ ಹಂಚಿನ ಮೇಲೆಯೇ ಸೀಯಿತು, ಅವಳು ಏಳಲಿಲ್ಲ. ಮಗನನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡು "ಏನಪಾ" ಎಂದಳು.

ನಮ್ಮ ನಿಮ್ಮ ಮನೆಯ ಮಕ್ಕಳು ಇದೇ ಕರೆಯನ್ನು ದಿನಕ್ಕೆ ಎಷ್ಟೋ ಸಲ ಕರೆಯುತ್ತಾರೆ. ಇಂದಾದರೂ ಕೈಯಲ್ಲಿದ್ದ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು, ತಿರುಗಿ ನೋಡಿ, ಓಗೊಡೋಣ.