ನಿಮಗಿದು ಗೊತ್ತೆ? ನಮ್ಮ ಕಡೆ ಸೆಪ್ಟೆಂಬರ್ 17

1947ರ ಆಗಸ್ಟ್ 15ರಂದು ದೇಶವೆಲ್ಲ ಸಂಭ್ರಮಿಸಿದಾಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಇನ್ನೂ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿದ್ದವು. ಸಂತೆಯಲ್ಲಿ ನಡೆಯುತ್ತಿದ್ದುದು ಅವನದೇ ಹಾಲಿ ಸಿಕ್ಕಾ ರೂಪಾಯಿ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ 1874ರಲ್ಲಿ ಶುರುವಾದ ರೈಲೂ ಅವನ ಸಂಸ್ಥಾನದ್ದೇ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು. ದಂಡು ನಡೆಸಿದ ಕೆಲಸಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂಬ ಹೆಸರು! 17ರ ಸಂಜೆಗೆ ನಿಜಾಮ ಮಣಿದ. ಹಾಗಾಗಿ ಇಲ್ಲಿ ಸೆಪ್ಟೆಂಬರ್ 17ರಂದೂ ಧ್ವಜ ಹಾರುತ್ತದೆ. ಆ ದಿನ ಈಗ ಕಲ್ಯಾಣ ಕರ್ನಾಟಕ ಉತ್ಸವ.

ನಮ್ಮ ಕಡೆಯ ಇನ್ನೊಂದು ತಾರೀಖು: 1924ರ ಫೆಬ್ರುವರಿ 28, ಚಿಂಚೋಳಿಯ ವೀರೇಂದ್ರ ಪಾಟೀಲರು ಹುಟ್ಟಿದ ದಿನ. ಎರಡು ಸಲ ಮುಖ್ಯಮಂತ್ರಿಯಾದ ಅವರು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರೇ ನಿಂತು ಸೋತಿದ್ದರು.